ಕ್ಷಣಕ್ಷಣಕ್ಕೂ ಬದಲಾಗುವ ಶೇರು ಬೆಲೆಗೆ ಝಕಾತ್ ಲೆಕ್ಕ ಹಾಕುವುದು ಹೇಗೆ?

2025ರ ಫೆಬ್ರವರಿ 28, ಶಅಬಾನ್ ತಿಂಗಳ ಕೊನೆಯ ಶುಕ್ರವಾರ. ಅಂದಿನ ಖುತ್ಬಾದ ವಿಷಯ ಝಕಾತ್ ಆಗಿತ್ತು. ನಮಾಝ್ ಮುಗಿದು ಜನರು ಚದುರಿದ ಮೇಲೆ ಒಬ್ಬ ಯುವಕ ಮಿಹ್ರಾಬಿನ ಬಳಿ ಬಂದು ಕುಳಿತ. ಸಾಫ್ಟ್‌ವೇರ್ ಕೆಲಸದ ಹುಡುಗ, ಮನೆಯಿಂದಲೇ ಕೆಲಸ ಮಾಡುತ್ತಾನೆ. ಮೊಬೈಲ್ ತೆಗೆದು ಒಂದು ಸ್ಪ್ರೆಡ್‌ಶೀಟ್ ತೋರಿಸಿದ. ತಾನು ಖರೀದಿಸಿದ ಶೇರುಗಳ ಹೆಸರು, ಎಷ್ಟು ಶೇರು, ಇಂದಿನ ಬೆಲೆ, ಕೆಳಗೆ ಒಟ್ಟು ಮೊತ್ತ. ನಾನು ಕನ್ನಡಕ ಸರಿಮಾಡಿಕೊಂಡು ಮೊತ್ತವನ್ನು ಓದುವಷ್ಟರಲ್ಲಿ ಅದು ಬದಲಾಯಿತು.

"ನೋಡಿ ಉಸ್ತಾದ್, ನಿಮಗೆ ತೋರಿಸುವಷ್ಟರಲ್ಲೇ ಎಂಟುನೂರು ರೂಪಾಯಿ ಹೋಯಿತು. ಬೆಳಿಗ್ಗೆಯಿಂದ ಬೀಳುತ್ತಲೇ ಇದೆ. ನಾನು ಎರಡೂವರೆ ಶೇಕಡಾ ಕೊಡಬೇಕಾದ್ದು ಯಾವ ಸಂಖ್ಯೆಗೆ?"

ಇದು ಒಳ್ಳೆಯ ಪ್ರಶ್ನೆ. ಆದರೆ ತಕ್ಷಣ ಉತ್ತರ ಕೊಡಲು ನನಗೆ ಆ ಶೀಟ್ ಹೇಗೆ ಕೆಲಸ ಮಾಡುತ್ತದೆ ಎಂಬುದೇ ತಿಳಿದಿರಲಿಲ್ಲ. ಒಂದು ವಾರ ಸಮಯ ಕೇಳಿದೆ. ಫಿಕ್ಹ್ ಗ್ರಂಥಗಳನ್ನು ನಾನು ನೋಡಿದೆ, ಶೀಟಿನ ಕೆಲಸವನ್ನು ಅವನು ನನಗೆ ಕಲಿಸಿದ. ನಮ್ಮ ಮನೆಗಳಲ್ಲಿ ಈಗ ಶೇರು, ಮ್ಯೂಚುವಲ್ ಫಂಡ್ ಇಟ್ಟುಕೊಂಡವರು ಬಹಳ ಮಂದಿ ಇರುವುದರಿಂದ, ಅವರೆಲ್ಲರಿಗೂ ಉಪಯೋಗವಾಗಲೆಂದು ಆ ವಾರ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಶೀಟಿನ ವಿಷಯ. ಗೂಗಲ್ ಶೀಟ್ಸ್ ಎಂಬುದು ಜಿಮೇಲ್ ಖಾತೆ ಇರುವ ಯಾರಿಗೂ ಉಚಿತ. ಅದರಲ್ಲಿ ಗೂಗಲ್‌ಫೈನಾನ್ಸ್ ಎಂಬ ಒಂದು ಸೂತ್ರವಿದೆ. ಯಾವುದಾದರೂ ಒಂದು ಚೌಕದಲ್ಲಿ ಸಮ ಚಿಹ್ನೆ ಹಾಕಿ, ನಡುವೆ ಜಾಗ ಬಿಡದೆ ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಬ್ರಾಕೆಟ್ ತೆರೆದು, ಎರಡು ಉದ್ಧರಣ ಚಿಹ್ನೆಗಳ ನಡುವೆ ವಿನಿಮಯ ಕೇಂದ್ರದ ಹೆಸರು, ಕೋಲನ್, ಕಂಪನಿಯ ಸಂಕೇತ ಬರೆಯಬೇಕು. ಕನ್ನಡದಲ್ಲಿ ಬರೆದು ತೋರಿಸುವುದಾದರೆ ಅದು ಹೀಗಿರುತ್ತದೆ: =ಗೂಗಲ್‌ಫೈನಾನ್ಸ್("ಎನ್‌ಎಸ್‌ಇ:ವಿಪ್ರೋ","ಪ್ರೈಸ್"). ಬ್ರಾಕೆಟ್ ಮುಚ್ಚಿ ಎಂಟರ್ ಒತ್ತಿದರೆ ಆ ಚೌಕದಲ್ಲಿ ವಿಪ್ರೋ ಶೇರಿನ ಬೆಲೆ ಬಂದು ಕುಳಿತುಕೊಳ್ಳುತ್ತದೆ. ಪಕ್ಕದ ಚೌಕದಲ್ಲಿ ನಿಮ್ಮಲ್ಲಿರುವ ಶೇರುಗಳ ಸಂಖ್ಯೆ ಬರೆದು ಎರಡನ್ನೂ ಗುಣಿಸಿದರೆ ಆಯಿತು. ವಿಪ್ರೋ ಹೆಸರನ್ನು ಉದಾಹರಣೆಗಾಗಿ ಮಾತ್ರ ತೆಗೆದುಕೊಂಡಿದ್ದೇನೆ. ಅದನ್ನು ಖರೀದಿಸಿ ಎಂದೋ ಬೇಡ ಎಂದೋ ಹೇಳುತ್ತಿಲ್ಲ.

ಈ ಬೆಲೆಯನ್ನು ಜನರು 'ಲೈವ್' ಎನ್ನುತ್ತಾರೆ. ಪೂರ್ತಿ ಲೈವ್ ಅಲ್ಲ. ಇಪ್ಪತ್ತು ನಿಮಿಷಗಳವರೆಗೂ ತಡವಾಗಿರಬಹುದೆಂದು ಗೂಗಲ್ ತಾನೇ ಹೇಳುತ್ತದೆ. ಅದೇ ಸೂತ್ರದಲ್ಲಿ 'ಪ್ರೈಸ್' ಎಂಬಲ್ಲಿ 'ಟ್ರೇಡ್‌ಟೈಮ್' ಎಂದು ಬರೆದರೆ ಆ ಬೆಲೆ ಯಾವ ದಿನದ, ಎಷ್ಟು ಗಂಟೆಯ ಬೆಲೆ ಎಂಬುದು ಗೊತ್ತಾಗುತ್ತದೆ. ಬೆಲೆಯ ಪಕ್ಕದಲ್ಲಿ ಯಾವಾಗಲೂ ಇದನ್ನು ಇಟ್ಟುಕೊಳ್ಳಿ. ಸಮಯ ತಿಳಿಯದ ಬೆಲೆಯನ್ನು ನಂಬಿ ಲೆಕ್ಕ ಬರೆಯುವುದು ತಾರೀಖಿಲ್ಲದ ರಶೀದಿಯನ್ನು ಇಟ್ಟುಕೊಂಡಂತೆ. ನಿಜವಾಗಿಯೂ ಕ್ಷಣಕ್ಷಣದ ಬೆಲೆ ಬೇಕೆನ್ನುವವರು ಬ್ರೋಕರ್ ಕಂಪನಿಯ ಎಪಿಐ ಎಂಬ ಸಂಪರ್ಕದ ಮೂಲಕ, ಅಥವಾ ಎಕ್ಸೆಲ್‌ನ ಆರ್‌ಟಿಡಿ ಎಂಬ ಸೂತ್ರದ ಮೂಲಕ ಟ್ರೇಡಿಂಗ್ ವೇದಿಕೆಯನ್ನೇ ನೇರವಾಗಿ ಶೀಟಿಗೆ ಜೋಡಿಸುತ್ತಾರೆ. ಅದಕ್ಕಿಂತ ಹಳೆಯದು ಡಿಡಿಇ ಎಂಬ ವಿಧಾನ, ಮೆಟಾಟ್ರೇಡರ್ 4ರಲ್ಲಿ ಅದು ಈಗಲೂ ಇದೆ. ಝಕಾತ್ ಲೆಕ್ಕಕ್ಕೆ ಇವು ಯಾವುದರ ಅಗತ್ಯವೂ ಇಲ್ಲ. ಏಕೆ ಎಂಬುದನ್ನು ಈಗ ಹೇಳುತ್ತೇನೆ.

ನಿಸಾಬ್ ತಲುಪಿದ ಸಂಪತ್ತಿನ ಮೇಲೆ ಒಂದು ಚಾಂದ್ರಮಾನ ವರ್ಷ ತುಂಬಿದಾಗ ಝಕಾತ್ ಕಡ್ಡಾಯವಾಗುತ್ತದೆ. ವರ್ಷ ತುಂಬುವುದಕ್ಕೆ 'ಹೌಲ್' ಎನ್ನುತ್ತೇವೆ. ವ್ಯಾಪಾರದ ಸರಕಿನ ಬೆಲೆಯನ್ನು ಹೌಲ್ ತುಂಬಿದ ದಿನದ ಮಾರುಕಟ್ಟೆ ದರದಲ್ಲಿ ಕಟ್ಟಬೇಕು. ವರ್ಷದ ನಡುವೆ ಬೆಲೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನೀವು ಖರೀದಿಸಿದ ಬೆಲೆಯೂ ಬರುವುದಿಲ್ಲ. ಒಂದು ಲಕ್ಷಕ್ಕೆ ಖರೀದಿಸಿದ್ದು ಆ ದಿನ ಅರವತ್ತು ಸಾವಿರಕ್ಕೆ ಇಳಿದಿದ್ದರೆ ಅರವತ್ತು ಸಾವಿರಕ್ಕೆ ಝಕಾತ್. ಎರಡು ಲಕ್ಷಕ್ಕೆ ಏರಿದ್ದರೆ ಎರಡು ಲಕ್ಷಕ್ಕೆ.

ಹಾಗಾದರೆ ಆ ದಿನದ ಯಾವ ಗಳಿಗೆಯ ಬೆಲೆ? ಇಲ್ಲಿ ನಮ್ಮ ದಿನಮಾನವೇ ನಮ್ಮ ನೆರವಿಗೆ ಬರುತ್ತದೆ. ಇಸ್ಲಾಮೀ ದಿನ ಆರಂಭವಾಗುವುದು ಮಗ್ರಿಬ್‌ನಿಂದ. ಶೇರು ಮಾರುಕಟ್ಟೆ ಬೆಳಿಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ನಿಮ್ಮ ವರ್ಷ ತುಂಬುವ ಮಗ್ರಿಬ್ ಹೊತ್ತಿಗೆ ಮಾರುಕಟ್ಟೆ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಅಂದಿನ ಮುಕ್ತಾಯ ಬೆಲೆ ಅಲ್ಲಿ ಅಲುಗಾಡದೆ ನಿಂತಿರುತ್ತದೆ, ಅದನ್ನೇ ತೆಗೆದುಕೊಳ್ಳಿ. ಎನ್‌ಎಸ್‌ಇಯಲ್ಲಿ ಮುಕ್ತಾಯ ಬೆಲೆಯೆಂದರೆ ಕಟ್ಟಕಡೆಯ ಒಂದು ವ್ಯಾಪಾರದ ಬೆಲೆಯಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ನಡೆದ ವ್ಯಾಪಾರಗಳ ಸರಾಸರಿಯನ್ನು ಬಹುಕಾಲದಿಂದ ಮುಕ್ತಾಯ ಬೆಲೆಯಾಗಿ ಲೆಕ್ಕ ಹಾಕುತ್ತ ಬಂದಿದ್ದಾರೆ. ಯಾರೋ ಒಬ್ಬ ಕೊನೆಯ ಸೆಕೆಂಡಿನಲ್ಲಿ ಆತುರಕ್ಕೆ ಮಾರಿದ ಬೆಲೆಗಿಂತ ಇದು ನ್ಯಾಯವಾದ ಅಳತೆ.

ನಮ್ಮ ಯುವಕನ ಹೌಲ್ ರಮಝಾನ್ ಒಂದಕ್ಕೆ. 2025ರಲ್ಲಿ ನಮ್ಮಲ್ಲಿ ಮೊದಲ ಉಪವಾಸ ಮಾರ್ಚ್ 2ರ ಭಾನುವಾರ. ಅಂದರೆ ವರ್ಷ ತುಂಬಿದ್ದು ಮಾರ್ಚ್ 1ರ ಶನಿವಾರ ಮಗ್ರಿಬ್‌ಗೆ. ಶನಿವಾರ ಮಾರುಕಟ್ಟೆ ಇರಲಿಲ್ಲ. ಹಾಗಾಗಿ ಅವನ ಲೆಕ್ಕಕ್ಕೆ ಬರುವುದು ಅದಕ್ಕೂ ಹಿಂದಿನ ದಿನದ, ಅವನು ಮಸೀದಿಯಲ್ಲಿ ನನಗೆ ಮೊಬೈಲ್ ತೋರಿಸಿದ ಅದೇ ಶುಕ್ರವಾರದ ಮುಕ್ತಾಯ ಬೆಲೆ. ಅಂದು ಒಂದೇ ದಿನದಲ್ಲಿ ನಿಫ್ಟಿ 420 ಅಂಶ ಬಿದ್ದಿತ್ತು. "ಹಾಗಾದರೆ ನನಗೆ ಲಾಭವೇ ಆಯಿತಲ್ಲ ಉಸ್ತಾದ್, ಗುರುವಾರವಾಗಿದ್ದರೆ ಹೆಚ್ಚು ಕೊಡಬೇಕಿತ್ತು" ಎಂದು ನಕ್ಕ. ಹೌದು, ಹಾಗೆಯೇ. ಮುಂದಿನ ವರ್ಷ ಏರಿದ ದಿನ ಬಂದರೆ ಹೆಚ್ಚು ಕೊಡುತ್ತಾನೆ. ಬೇಕಾದಂತೆ ದಿನ ಆರಿಸುವ ಅಧಿಕಾರ ಮಾತ್ರ ನಮಗಿಲ್ಲ.

ಇಲ್ಲೊಂದು ಭಿನ್ನಾಭಿಪ್ರಾಯವಿದೆ, ತಿಳಿದಿರಲಿ. ಝಕಾತನ್ನು ಹಣದ ರೂಪದಲ್ಲಿ ಕೊಡುವಾಗ ಕಡ್ಡಾಯವಾದ ದಿನದ ಬೆಲೆ ಹಿಡಿಯಬೇಕೆಂದು ಇಮಾಮ್ ಅಬೂ ಹನೀಫಾ(ರ) ಹೇಳಿದರೆ, ಅವರ ಶಿಷ್ಯರಾದ ಅಬೂ ಯೂಸುಫ್(ರ) ಮತ್ತು ಮುಹಮ್ಮದ್(ರ) ಕೊಡುವ ದಿನದ ಬೆಲೆ ಎಂದಿದ್ದಾರೆ. ಶಾಫಿಈ ಮದ್ಹಬ್‌ನಲ್ಲಿ ವರ್ಷದ ಕೊನೆಯ ಬೆಲೆ. ವರ್ಷ ತುಂಬಿದೊಡನೆ ಕೊಟ್ಟುಬಿಡುವವನಿಗೆ ಈ ವ್ಯತ್ಯಾಸದಿಂದ ಹೆಚ್ಚೇನೂ ಆಗುವುದಿಲ್ಲ. ತಡ ಮಾಡುವವನಿಗೇ ತೊಡಕು.

ಮುಖ್ಯವಾದ ಕೆಲಸ ಈಗ. ಆ ದಿನ ಮಗ್ರಿಬ್ ಆದ ಮೇಲೆ ಶೀಟ್ ತೆರೆದು ಬೆಲೆಯ ಕಾಲಂ ಪೂರ್ತಿ ಕಾಪಿ ಮಾಡಿ, ಪಕ್ಕದ ಕಾಲಂನಲ್ಲಿ 'ವ್ಯಾಲ್ಯೂಸ್ ಓನ್ಲಿ' ಎಂಬ ಆಯ್ಕೆಯಲ್ಲಿ ಪೇಸ್ಟ್ ಮಾಡಿ. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು. ಸೂತ್ರ ಹೋಗಿ ಬರೀ ಸಂಖ್ಯೆ ಉಳಿಯುತ್ತದೆ, ಇನ್ನು ಅದು ಬದಲಾಗದು. ಮೇಲೆ ಹಿಜ್ರಿ ತಾರೀಖು, ಇಂಗ್ಲಿಷ್ ತಾರೀಖು ಎರಡನ್ನೂ ಬರೆದಿಡಿ. ಹೀಗೆ ಮಾಡದಿದ್ದರೆ ಸೋಮವಾರ ತೆರೆದಾಗ ಮೊತ್ತ ಬೇರೆಯಾಗಿರುತ್ತದೆ, ಬುಧವಾರ ಮತ್ತೊಂದು. ಕೊನೆಗೆ 'ಸ್ವಲ್ಪ ಇಳಿಯಲಿ, ಆಮೇಲೆ ಕೊಡೋಣ' ಎಂಬ ಆಲೋಚನೆ ಬರುತ್ತದೆ. ಶೈತಾನನಿಗೆ ಸ್ಪ್ರೆಡ್‌ಶೀಟ್ ಬಳಸಲು ಯಾರೂ ಕಲಿಸಬೇಕಾಗಿಲ್ಲ.

ದಿನ ತಪ್ಪಿಹೋಗಿದ್ದರೆ ಹಿಂದಿನ ಬೆಲೆಯನ್ನೂ ಅದೇ ಸೂತ್ರದಿಂದ ತರಿಸಬಹುದು. 'ಪ್ರೈಸ್' ಬದಲು 'ಕ್ಲೋಸ್' ಎಂದು ಬರೆದು, ಅಲ್ಪವಿರಾಮ ಹಾಕಿ, ಡೇಟ್ ಸೂತ್ರದಲ್ಲಿ ವರ್ಷ, ತಿಂಗಳು, ದಿನ ಕೊಟ್ಟರೆ ಆ ದಿನದ ಮುಕ್ತಾಯ ಬೆಲೆ ಬರುತ್ತದೆ. ಅದು ಒಂದೇ ಚೌಕದಲ್ಲಿ ಬಾರದೆ ಶೀರ್ಷಿಕೆ ಸಮೇತ ನಾಲ್ಕು ಚೌಕಗಳ ಸಣ್ಣ ಪಟ್ಟಿಯಾಗಿ ಬರುವುದರಿಂದ ಪಕ್ಕದಲ್ಲೂ ಕೆಳಗೂ ಜಾಗ ಖಾಲಿ ಬಿಟ್ಟಿರಬೇಕು. ರಜಾದಿನದ ತಾರೀಖು ಕೊಟ್ಟರೆ ದೋಷ ತೋರಿಸುತ್ತದೆ. ಒಂದೊಂದು ದಿನ ಹಿಂದಕ್ಕೆ ಹೋಗಿ ನೋಡಿ.

ಹಳೆಯ ವರ್ಷಗಳ ಲೆಕ್ಕದಲ್ಲಿ ಒಂದು ಕಡೆ ದೊಡ್ಡ ತಪ್ಪಾಗುವ ಸಾಧ್ಯತೆಯಿದೆ. ನಮ್ಮ ಹುಡುಗನಿಗೂ ಆಗುವುದರಲ್ಲಿತ್ತು. ವಿಪ್ರೋ 2024ರ ಡಿಸೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಶೇರು ಕೊಟ್ಟಿತು. ಐವತ್ತು ಶೇರು ಇದ್ದವನಿಗೆ ನೂರಾಯಿತು, ಬೆಲೆ ಸುಮಾರು ಅರ್ಧವಾಯಿತು. 2024ರ ಮಾರ್ಚ್‌ನಲ್ಲಿ, ಆ ವರ್ಷದ ರಮಝಾನ್ ಆರಂಭದ ಹೊತ್ತಿಗೆ, ಅದರ ಬೆಲೆ ಐನೂರರ ಆಸುಪಾಸಿನಲ್ಲಿತ್ತು. ಆದರೆ ಈಗ ಹಿಂದಿನ ತಾರೀಖು ಕೊಟ್ಟು ಬೆಲೆ ಕೇಳಿದರೆ ಇಂಥ ಸೂತ್ರಗಳು ಬೋನಸ್‌ಗೆ ತಕ್ಕಂತೆ ತಗ್ಗಿಸಿದ, ಅಂದರೆ ಅರ್ಧದಷ್ಟು ಬೆಲೆಯನ್ನು ತೋರಿಸುವುದುಂಟು. ಆಗ ಇದ್ದ ಐವತ್ತು ಶೇರಿಗೆ ಈ ಅರ್ಧ ಬೆಲೆ ಗುಣಿಸಿದರೆ ಝಕಾತ್ ಅರ್ಧಕ್ಕೆ ಇಳಿಯುತ್ತದೆ, ಬಡವನ ಹಕ್ಕಿನಲ್ಲಿ ಅರ್ಧ ನಮ್ಮಲ್ಲೇ ಉಳಿಯುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ಹಳೆಯ ಲೆಕ್ಕಕ್ಕೆ ಆ ಕಾಲದ ಡಿಮ್ಯಾಟ್ ಸ್ಟೇಟ್‌ಮೆಂಟ್ ತೆಗೆದು ತಾಳೆ ನೋಡಲೇಬೇಕು.

ಎಲ್ಲ ಶೇರಿಗೂ ಪೂರ್ತಿ ಬೆಲೆಯ ಮೇಲೆ ಝಕಾತ್ ಇದೆಯೇ? ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ನಡೆದ ಸಭೆಯಲ್ಲಿ ಈ ಬಗ್ಗೆ ತೀರ್ಮಾನಿಸಿದೆ. ಬೆಲೆ ಏರಿದಾಗ ಮಾರುವ ಉದ್ದೇಶದಿಂದ ಖರೀದಿಸಿದ ಶೇರು ವ್ಯಾಪಾರದ ಸರಕು. ಅದಕ್ಕೆ ಪೂರ್ತಿ ಮಾರುಕಟ್ಟೆ ಬೆಲೆಯ ಮೇಲೆ ಎರಡೂವರೆ ಶೇಕಡಾ. ಮಾರುವ ಯೋಚನೆಯಿಲ್ಲದೆ ದೀರ್ಘಕಾಲಕ್ಕೆ ಇಟ್ಟುಕೊಂಡವನು, ಕಂಪನಿಯ ಸಂಪತ್ತಿನಲ್ಲಿ ಝಕಾತ್ ಬರುವ ಭಾಗ, ಅಂದರೆ ನಗದು, ವ್ಯಾಪಾರದ ದಾಸ್ತಾನು, ಬರಬೇಕಾದ ಬಾಕಿ ಇವುಗಳಲ್ಲಿ ತನ್ನ ಪಾಲೆಷ್ಟೆಂದು ಬ್ಯಾಲೆನ್ಸ್ ಶೀಟ್‌ನಿಂದ ತಿಳಿದು ಅದಕ್ಕೆ ಕೊಡಬಹುದು. ಇಂಥವನಿಗೆ ಮಾರುಕಟ್ಟೆಯ ಲೈವ್ ಬೆಲೆ ಬೇಕಾಗುವುದೇ ಇಲ್ಲ. ಬ್ಯಾಲೆನ್ಸ್ ಶೀಟ್ ಓದಲು ಬಾರದವರು ಪೂರ್ತಿ ಬೆಲೆಗೆ ಕೊಟ್ಟುಬಿಡುವುದೇ ನೆಮ್ಮದಿ ಎಂಬುದು ನನ್ನ ಅಭಿಪ್ರಾಯ. ಹೆಚ್ಚಾದದ್ದು ಸದಕಾ ಆಗುತ್ತದೆ. ಶೇರು ಮಾತ್ರ ಹಲಾಲ್ ವ್ಯವಹಾರದ ಕಂಪನಿಯದ್ದಾಗಿರಬೇಕು ಎಂಬುದನ್ನು ಹೇಳಬೇಕಾಗಿಲ್ಲ. ಬ್ಯಾಂಕು, ಮದ್ಯ, ಜೂಜು, ಬಡ್ಡಿ ಸಾಲದಲ್ಲೇ ಮುಳುಗಿದ ಕಂಪನಿ, ಇವುಗಳ ವಿಷಯ ಬೇರೆಯೇ ಒಂದು ಲೇಖನ ಕೇಳುತ್ತದೆ.

ಅದೇ ಶೀಟಿನಲ್ಲಿ ಉಳಿದ ಸಂಪತ್ತನ್ನೂ ಸೇರಿಸಿ. ಮ್ಯೂಚುವಲ್ ಫಂಡ್‌ನ ಎನ್‌ಎವಿ ದಿನಕ್ಕೊಂದೇ ಸಲ ಪ್ರಕಟವಾಗುವುದರಿಂದ ಅಲ್ಲಿ ಯಾವ ಗೊಂದಲವೂ ಇಲ್ಲ. ಕೊಲ್ಲಿಯಲ್ಲಿ ದುಡಿಯುವ ನಮ್ಮ ಸಹೋದರರು ಅಲ್ಲಿನ ಬ್ಯಾಂಕಿನಲ್ಲಿ ದಿರ್ಹಮ್ ಅಥವಾ ರಿಯಾಲ್ ಇಟ್ಟಿದ್ದರೆ, ಕಂಪನಿಯ ಸಂಕೇತದ ಜಾಗದಲ್ಲಿ ಕರೆನ್ಸಿ ಎಂದು ಬರೆದು ಕೋಲನ್ ಹಾಕಿ ಆ ನಾಣ್ಯದ ಮತ್ತು ರೂಪಾಯಿಯ ಮೂರು ಮೂರು ಅಕ್ಷರಗಳ ಸಂಕೇತವನ್ನು ಒತ್ತೊತ್ತಾಗಿ ಬರೆದರೆ ಅಂದಿನ ವಿನಿಮಯ ದರ ಸಿಗುತ್ತದೆ. ಚಿನ್ನ, ಬೆಳ್ಳಿಗೆ ಮಾತ್ರ ನಾನು ಸೂತ್ರ ಹಾಕಿಸಲಿಲ್ಲ. ನಿಮ್ಮೂರಿನ ಅಂಗಡಿಯಲ್ಲಿ ಮಾರಲು ಹೋದರೆ ಎಷ್ಟು ಸಿಗುತ್ತದೆಯೋ ಆ ದರವನ್ನು ಫೋನ್ ಮಾಡಿ ಕೇಳಿ ಕೈಯಿಂದಲೇ ಬರೆಯುವುದು ಮೇಲು. ಆಭರಣದ ಝಕಾತ್ ವಿಷಯದಲ್ಲಿ ಹನಫೀ ಮತ್ತು ಶಾಫಿಈ ಮದ್ಹಬ್‌ಗಳಿಗೆ ವ್ಯತ್ಯಾಸವಿದೆ, ಸಾಲ ಕಳೆಯುವ ವಿಷಯದಲ್ಲೂ ಇದೆ. ನಿಮ್ಮ ಖತೀಬರಲ್ಲಿ ಕೇಳಿಕೊಳ್ಳಿ.

ನಿಸಾಬ್ 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿ. ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಬೆಳ್ಳಿಯ ನಿಸಾಬ್ 61,236 ರೂಪಾಯಿ. ಬಡವರಿಗೆ ಹೆಚ್ಚು ಉಪಕಾರವಾಗುವುದು ಬೆಳ್ಳಿಯ ಅಳತೆ ಎಂದು ಅನೇಕ ಉಲಮಾಗಳು ಅದನ್ನೇ ಹಿಡಿಯುತ್ತಾರೆ. ಕೆಲವರು ಹಿಜ್ರಿ ತಾರೀಖಿನ ಗೊಡವೆ ಬೇಡವೆಂದು ಪ್ರತಿ ಮಾರ್ಚ್ 31ಕ್ಕೆ ಲೆಕ್ಕ ಮಾಡುತ್ತಾರೆ. ಆಗ ಶೇಕಡಾ 2.5 ಸಾಲದು, 2.577 ಕೊಡಬೇಕು, ಏಕೆಂದರೆ ಸೌರವರ್ಷ ಹತ್ತು ಹನ್ನೊಂದು ದಿನ ಹೆಚ್ಚು. ಒಂದು ಲಕ್ಷಕ್ಕೆ 77 ರೂಪಾಯಿಯ ವ್ಯತ್ಯಾಸ. ಮೂವತ್ತಮೂರು ವರ್ಷ ಹೀಗೆ ಕಡಿಮೆ ಕೊಡುತ್ತ ಹೋದರೆ ಒಂದು ಇಡೀ ವರ್ಷದ ಝಕಾತ್ ನುಂಗಿದಂತಾಗುತ್ತದೆ.

ಇನ್ನು, ಬರೆಯಲು ಮನಸ್ಸಿಲ್ಲದಿದ್ದರೂ ಬರೆಯಬೇಕಾದ ಮಾತು. ಅವನ ಶೀಟಿನ ಕೆಳಭಾಗದಲ್ಲಿ ಇನ್ನೊಂದು ಪುಟವಿತ್ತು. ಕೇಳಿದಾಗ ಮೊದಲು ತಡವರಿಸಿದ, ಆಮೇಲೆ ತೆರೆದ. ಆಪ್ಷನ್ಸ್ ವ್ಯವಹಾರ. ಕೆಂಪು ಸಂಖ್ಯೆಗಳೇ ಹೆಚ್ಚು. ಕ್ಷಣಕ್ಷಣದ ಬೆಲೆ ಅವನಿಗೆ ಬೇಕಾಗಿದ್ದದ್ದು ಇದಕ್ಕೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದರೆಂದು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಶರೀಅತ್‌ನ ದೃಷ್ಟಿಯಿಂದಲೂ ಫಿಕ್ಹ್ ಅಕಾಡೆಮಿ 1992ರಲ್ಲೇ ಆಪ್ಷನ್ಸ್ ಒಪ್ಪಂದಗಳು ಧರ್ಮಸಮ್ಮತವಲ್ಲ ಎಂದಿದೆ. ಅಲ್ಲಿ ಮಾರಾಟವಾಗುವುದು ಸರಕೂ ಅಲ್ಲ, ಸೇವೆಯೂ ಅಲ್ಲ. ಕೈಯಲ್ಲಿಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ) ಹಕೀಮ್ ಬಿನ್ ಹಿಝಾಮ್(ರ)ರಿಗೆ ತಿಳಿಸಿದ್ದನ್ನು ಬೆಳಿಗ್ಗೆ ಮಾರಿ ಮಧ್ಯಾಹ್ನ ಖರೀದಿಸುವವರು ನೆನಪಿಟ್ಟುಕೊಳ್ಳಬೇಕು.

ಈ ಚಟದ ಸುತ್ತ ಮೋಸಗಾರರ ದೊಡ್ಡ ಗುಂಪೇ ಇದೆ. 'ಬೈ-ಸೆಲ್ ಸಿಗ್ನಲ್ ಬರುವ ಎಕ್ಸೆಲ್ ಫೈಲ್' ಎಂದು ಟೆಲಿಗ್ರಾಂನಲ್ಲಿ ಮಾರುತ್ತಾರೆ. ಅದರೊಳಗಿನ ಮ್ಯಾಕ್ರೋ ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು. ಬ್ರೋಕರ್‌ನ ಎಪಿಐ ಕೀ ಮತ್ತು ಅದರ ರಹಸ್ಯ ಸಂಕೇತವನ್ನು ಇನ್ನೊಬ್ಬರಿಗೆ ಕೊಡುವುದು ಅಂಗಡಿಯ ಬೀಗದ ಕೈ ಕೊಟ್ಟಂತೆ, ಅದರಿಂದ ಬೆಲೆ ನೋಡುವುದು ಮಾತ್ರವಲ್ಲ, ನಿಮ್ಮ ಹೆಸರಿನಲ್ಲಿ ಖರೀದಿ, ಮಾರಾಟವನ್ನೂ ಮಾಡಬಹುದು. ಇಂಥ ಸಂಕೇತ ಬರೆದ ಶೀಟನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡವರನ್ನೂ ಕಂಡಿದ್ದೇನೆ. ವಿದೇಶಿ ಕರೆನ್ಸಿ ವ್ಯಾಪಾರದ ಆ್ಯಪ್‌ಗಳದ್ದು ಇನ್ನೊಂದು ಕಥೆ. ಅನುಮತಿಯಿಲ್ಲದ ಇಂಥ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಿದೆ. ಅವುಗಳಲ್ಲಿ ವ್ಯವಹರಿಸಿದವನ ಮೇಲೆಯೇ ಫೆಮಾ ಕಾನೂನಿನಡಿ ಕ್ರಮ ಕೈಗೊಳ್ಳಬಹುದು. ಕರೆನ್ಸಿ ವಿನಿಮಯ ಕೈಯಿಂದ ಕೈಗೆ ಆಗಬೇಕೆಂಬ ನಮ್ಮ ನಿಯಮವಂತೂ ಇದ್ದೇ ಇದೆ.

ಶುಕ್ರವಾರ ಮಧ್ಯಾಹ್ನ ಮಾರುಕಟ್ಟೆ ಮುಚ್ಚುವುದಿಲ್ಲ. ಜುಮಾದ ಕರೆ ಬಂದಾಗ ವ್ಯಾಪಾರ ಬಿಟ್ಟು ಧಾವಿಸಲು, ನಮಾಝ್ ಮುಗಿದ ಮೇಲೆ ಮತ್ತೆ ಅಲ್ಲಾಹನ ಅನುಗ್ರಹ ಅರಸಲು ಕುರ್‌ಆನ್ ಆಜ್ಞಾಪಿಸಿದೆ. ವ್ಯಾಪಾರವನ್ನು ಅದು ತುಚ್ಛವಾಗಿ ಕಂಡಿಲ್ಲ. ಖುತ್ಬಾ ನಡೆಯುವಾಗ ಜೇಬಿನಲ್ಲಿ ಮಿಣುಕುವ ಮೊಬೈಲ್‌ಗಳನ್ನು ಮಿಂಬರಿನ ಮೇಲಿಂದ ನೋಡುವವನು ನಾನು, ಅದಕ್ಕೇ ಹೇಳಿದೆ.

ನಮ್ಮ ಯುವಕ 2023 ಮತ್ತು 2024ರಲ್ಲಿ ಶೇರುಗಳ ಝಕಾತ್ ಕೊಟ್ಟಿರಲಿಲ್ಲ. 'ಮಾರಿದಾಗ ಕೊಟ್ಟರಾಯಿತು' ಎಂದು ಯಾರೋ ಹೇಳಿದ್ದರಂತೆ. ಹಳೆಯ ಸ್ಟೇಟ್‌ಮೆಂಟ್ ತೆಗೆದು ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಮೊದಲ ವರ್ಷಕ್ಕೆ 1,40,000ದ ಮೇಲೆ 3,500. ಎರಡನೆಯದಕ್ಕೆ 2,20,000ದ ಮೇಲೆ 5,500. ಈ ವರ್ಷ 3,12,000ದ ಮೇಲೆ 7,800. ಒಟ್ಟು 16,800 ರೂಪಾಯಿ. ಕೈಯಲ್ಲಿ ನಗದು ಇರಲಿಲ್ಲ, ಎರಡನೆಯ ಪುಟ ಅದನ್ನೆಲ್ಲ ತಿಂದಿತ್ತು.

"ಸ್ವಲ್ಪ ಶೇರು ಮಾರಬೇಕು ಉಸ್ತಾದ್. ಆದರೆ ಈಗ ಬೆಲೆ ತೀರಾ ಕೆಳಗಿದೆ. ಒಂದೆರಡು ತಿಂಗಳು ಕಾದು, ಏರಿದ ಮೇಲೆ ಮಾರಿ ಕೊಡಲೇ?"

ಕೊಡಬೇಕಾದ ಸಂಖ್ಯೆ ಹೌಲ್‌ನ ದಿನವೇ ನಿಂತುಹೋಗಿದೆ, ಅದು ಈಗ ಮಾರುಕಟ್ಟೆಯ ಜೊತೆ ಓಡುವುದಿಲ್ಲ, ಅದು ಸಾಲ ಎಂದೆ. ಸೋಮವಾರ ಬೆಳಿಗ್ಗೆ ಮಾರಿದ. ಬುಧವಾರ ಹಣ ಬ್ಯಾಂಕಿಗೆ ಬಂತು, ಅಂದೇ ಅಸರ್‌ಗೆ ತಂದುಕೊಟ್ಟ. ನಮ್ಮ ಮೊಹಲ್ಲಾದ ಒಬ್ಬ ವಿಧವೆಯ ಮೂರು ತಿಂಗಳ ಬಾಡಿಗೆ ಬಾಕಿಗೂ ಒಬ್ಬರ ಡಯಾಲಿಸಿಸ್‌ಗೂ ಅದು ಹೋಯಿತು. ರಮಝಾನ್ ಮುಗಿಯುವ ಮೊದಲೇ ಮಾರುಕಟ್ಟೆ ಮೇಲೆ ಬಂತೆಂದು ಅವನೇ ಹೇಳಿದ. ಮಾರಿದ ಶೇರುಗಳ ಸಾಲನ್ನು ಶೀಟಿನಿಂದ ಅಳಿಸಿದ್ದಾನೆ, ಎರಡನೆಯ ಪುಟವನ್ನೂ. ಮೊದಲ ಪುಟದಲ್ಲಿ ಈಗ ಬೆಲೆಯ ಪಕ್ಕ 'ರಮಝಾನ್ 1, 1446' ಎಂಬ ಹೊಸ ಕಾಲಂ ಇದೆ. ಅದರ ಪಕ್ಕದಲ್ಲಿ 1447ಕ್ಕೆಂದು ಒಂದನ್ನು ಖಾಲಿ ಬಿಟ್ಟಿದ್ದಾನೆ.